ಬಿರುಕು ಬಿಟ್ಟ ತೊಲೆಗೆ ಹೊಲದ ನಾರು

ಹುಲ್ಲು ಬೆರೆಸದೆ ಮಣ್ಣಿನ ಗೋಡೆ ಎಬ್ಬಿಸಬಾರದೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಮಣ್ಣನ್ನು ನೆನೆಹಾಕಿ, ಕೊಚ್ಚಿದ ಹುಲ್ಲನ್ನು ಸೇರಿಸಿ, ತುಳಿದು ಹದ ಬಂದ ಮೇಲೆಯೇ ಗೋಡೆಯ ಕೆಲಸ ನಡೆಯುತ್ತಿತ್ತು. ಮಣ್ಣು ಭಾರವನ್ನು ಹೊರುತ್ತದೆ, ಎಳೆತವನ್ನು ತಡೆಯಲಾರದು. ಒಣಗುವಾಗ ಅದು ಸೀಳದಂತೆ ಹಿಡಿದಿಡುವುದು ಹುಲ್ಲಿನ ಎಳೆ. ಕಾಂಕ್ರೀಟಿನ ಗುಣವೂ ಹೀಗೆಯೇ. ಒತ್ತಡವನ್ನು ತಡೆಯುವ ಅದರ ಶಕ್ತಿಯ ಸುಮಾರು ಹತ್ತನೆಯ ಒಂದು ಭಾಗದಷ್ಟು ಮಾತ್ರ ಎಳೆತವನ್ನು ತಡೆಯುವ ಶಕ್ತಿ ಅದಕ್ಕಿದೆ. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಎಳೆತಕ್ಕೂ ಒಳಗಾಗುವುದರಿಂದ ಕೆಳಭಾಗದಲ್ಲಿ ಕಬ್ಬಿಣದ ಸರಳುಗಳನ್ನು ಹೂತಿರುತ್ತಾರೆ.

ಈ ಸರಳು ತುಕ್ಕು ಹಿಡಿದಾಗ ಅಥವಾ ಮೊದಲೇ ಸಾಲದಷ್ಟು ಹಾಕಿದ್ದಾಗ ತೊಲೆ ಬಿರುಕು ಬಿಡುತ್ತದೆ. ಅಂಥ ತೊಲೆಯನ್ನು ಒಡೆದು ಹೊಸದಾಗಿ ಹಾಕುವ ಬದಲು ಅದರ ಹೊರಮೈಗೆ ನಾರಿನ ಬಟ್ಟೆಯನ್ನು ರಾಳದಿಂದ ಅಂಟಿಸಿ ಬಲಪಡಿಸುವ ವಿಧಾನವೊಂದು ಬಳಕೆಗೆ ಬಂದು ಮೂರು ದಶಕಗಳಿಗೂ ಮೇಲಾಯಿತು. 1991ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್ ಬಳಿಯ ಈಬಾಖ್ ಸೇತುವೆಯನ್ನು ಹೀಗೆ ದುರಸ್ತಿ ಮಾಡಿದಾಗ 175 ಕಿಲೋ ಉಕ್ಕು ಬೇಕಾಗಿದ್ದ ಕಡೆ ಕೇವಲ 6.2 ಕಿಲೋ ಕಾರ್ಬನ್ ಎಳೆಯ ಪಟ್ಟಿಗಳು ಸಾಕಾದುವು. ಕಾರ್ಬನ್ ಮತ್ತು ಗಾಜಿನ ಎಳೆಗಳು ಕಾರ್ಖಾನೆಯ ಸರಕು, ಬೆಲೆಯೂ ಹೆಚ್ಚು. ಅವುಗಳ ಬದಲು ಗೋಣಿಸೆಣಬು, ಕತ್ತಾಳೆ, ಬಾಳೆ, ತೆಂಗು ಇವುಗಳ ನಾರನ್ನು ಬಳಸಬಹುದೇ ಎಂಬುದನ್ನು ಅನೇಕ ಇಂಜಿನಿಯರಿಂಗ್ ಸಂಶೋಧಕರು ಈಗ ಪರೀಕ್ಷಿಸುತ್ತಿದ್ದಾರೆ.

ಇಂಥ ಸುದ್ದಿ ಹಳ್ಳಿಗೆ ಬರುವಾಗ ಎರಡು ರೂಪ ತಾಳುತ್ತದೆ. ಪುಂಡಿಗೂ ಕತ್ತಾಳೆಗೂ ಇನ್ನು ಒಳ್ಳೆಯ ಕಾಲ ಬಂತು, ಹೆಚ್ಚು ಎಕರೆಗೆ ಹಾಕಿರಿ ಎಂಬುದು ಒಂದು. ಹಳೆಯ ಗೋಣಿಚೀಲವನ್ನು ಅಂಟಿನಲ್ಲಿ ಅದ್ದಿ ಕೊಟ್ಟಿಗೆಯ ತೊಲೆಗೆ ಸುತ್ತಿದರೆ ಸಾಕು ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ನಾರಿಗೆ ಈ ಕೆಲಸ ಮಾಡುವ ಶಕ್ತಿ ಇದೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಮ್ಮ ಹೊಲಗಳಿಂದ ಹೊರಡುವ ನಾರು ಇಂದು ಆ ಕೆಲಸಕ್ಕೆ ತಕ್ಕ ನಾರಲ್ಲ. ಅದನ್ನು ತಕ್ಕದ್ದನ್ನಾಗಿ ಮಾಡಿದ ರೈತನಿಗೆ ಹೆಚ್ಚು ಬೆಲೆ ಕೊಡುವ ವ್ಯವಸ್ಥೆಯೂ ಇಲ್ಲ. ಕೊರತೆ ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ನಾರು ಕೊಳೆಹಾಕುವ ಹೊಂಡದಲ್ಲೂ ತೂಕದ ತಕ್ಕಡಿಯಲ್ಲೂ ಇದೆ. ನಾನು ಬೇಸಾಯಶಾಸ್ತ್ರದವನು, ಕಟ್ಟಡಶಾಸ್ತ್ರ ಓದಿದವನಲ್ಲ. ಆದರೂ ಈ ವಿಷಯದ ಅರ್ಧಭಾಗ ಬೇಸಾಯಕ್ಕೇ ಸೇರಿದ್ದಾದುದರಿಂದ ಬರೆಯುತ್ತಿದ್ದೇನೆ.

ನಾರು ಎಷ್ಟು ಹೊರುತ್ತದೆ?

ಅಗರ್ತಲದ ತಾರಾ ಸೇನ್ ಮತ್ತು ಬೆಂಗಳೂರಿನ ಜಗನ್ನಾಥ ರೆಡ್ಡಿ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ಗಮನಾರ್ಹ. ಒಂದೇ ಬಗೆಯ ಕಾಂಕ್ರೀಟ್ ತೊಲೆಗಳಿಗೆ ಗೋಣಿಸೆಣಬಿನ ಬಟ್ಟೆ, ಗಾಜಿನ ಎಳೆಯ ಬಟ್ಟೆ ಮತ್ತು ಕಾರ್ಬನ್ ಬಟ್ಟೆಯನ್ನು ಬೇರೆಬೇರೆಯಾಗಿ ಅಂಟಿಸಿ, ಮುರಿಯುವವರೆಗೆ ಭಾರ ಹೇರಿ ನೋಡಿದರು. ಪೂರ್ತಿ ಸುತ್ತಿದಾಗ ತೊಲೆಯ ಬಾಗು ಶಕ್ತಿ ಗೋಣಿಸೆಣಬಿನಿಂದ ಶೇಕಡಾ 62.5, ಗಾಜಿನಿಂದ 125, ಕಾರ್ಬನ್ನಿನಿಂದ 150ರಷ್ಟು ಹೆಚ್ಚಿತು. ಪಟ್ಟಿಪಟ್ಟಿಯಾಗಿ ಅಂಟಿಸಿದಾಗ ಈ ಹೆಚ್ಚಳ ಕ್ರಮವಾಗಿ 25, 37.5 ಮತ್ತು 50ಕ್ಕೆ ಇಳಿಯಿತು. ಕಾರ್ಬನ್ನಿನ ಮುಂದೆ ಗೋಣಿನಾರು ಸೋತಿತು, ನಿಜ. ಆದರೆ ಮುರಿಯುವ ಮುನ್ನ ಹೆಚ್ಚು ಬಾಗಿ ಎಚ್ಚರಿಕೆ ಕೊಡುವ ಗುಣದಲ್ಲಿ ಗೋಣಿನಾರು ಸುತ್ತಿದ ತೊಲೆಗಳೇ ಮುಂದಿದ್ದುವು. ಕೊಟ್ಟಿಗೆಯಲ್ಲಿ ದನ ಕಟ್ಟುವವನಿಗೆ ಇದು ಸಣ್ಣ ಗುಣವೇನಲ್ಲ.

ಈ ಅಂಕಿಗಳ ಹಿಂದಿನ ಕಾರಣವನ್ನೂ ತಿಳಿದಿರುವುದು ಒಳ್ಳೆಯದು. ಒಳ್ಳೆಯ ಗೋಣಿಸೆಣಬು ಅಥವಾ ಕತ್ತಾಳೆಯ ಎಳೆ ತುಂಡಾಗುವ ಮುನ್ನ ಚದರ ಮಿಲಿಮೀಟರಿಗೆ ಸುಮಾರು 40ರಿಂದ 70 ಕಿಲೋ ಎಳೆತವನ್ನು ತಡೆಯುತ್ತದೆ. ಮನೆ ಕಟ್ಟಲು ಬಳಸುವ ಸಾಮಾನ್ಯ ಉಕ್ಕಿನ ಸರಳು ಸುಮಾರು 42 ಕಿಲೋಗೆ ಬಗ್ಗುತ್ತದೆ. ಇಷ್ಟನ್ನೇ ಕೇಳಿದವರು ನಾರೇ ಉಕ್ಕಿಗಿಂತ ಗಟ್ಟಿ ಎಂದು ಹೇಳಿಬಿಡುತ್ತಾರೆ. ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಒಂದು ಮೀಟರು ಉದ್ದದ ಉಕ್ಕಿನ ಸರಳು 2 ಮಿಲಿಮೀಟರು ಹಿಗ್ಗುವಷ್ಟರಲ್ಲಿ ಚದರ ಮಿಲಿಮೀಟರಿಗೆ 40 ಕಿಲೋ ಹೊತ್ತಿರುತ್ತದೆ. ಅಷ್ಟೇ ಹಿಗ್ಗಿದ ಗೋಣಿನಾರು ಹೊತ್ತಿರುವುದು 2ರಿಂದ 6 ಕಿಲೋ ಮಾತ್ರ. ಜೊತೆಯಲ್ಲಿ ಕಟ್ಟಿದ ಎತ್ತುಗಳಲ್ಲಿ ಒಂದು ನೊಗಕ್ಕೆ ಹೆಗಲು ಕೊಟ್ಟು ಎಳೆಯುತ್ತಿರುವಾಗ ಇನ್ನೊಂದು ಹಿಂದೆಯೇ ಉಳಿದಂತೆ ಇದು. ಸರಳು ಸೋತು ತೊಲೆ ಚೆನ್ನಾಗಿ ಬಾಗಿದ ಮೇಲೆಯೇ ನಾರು ನಿಜವಾಗಿ ಹೆಗಲು ಕೊಡುತ್ತದೆ. ಆದುದರಿಂದ ಸಸ್ಯನಾರಿನ ಪಟ್ಟಿ ತೊಲೆಯನ್ನು ಕುಸಿಯದಂತೆ ಹಿಡಿಯಬಲ್ಲುದು. ದಿನನಿತ್ಯದ ಭಾರಕ್ಕೆ ಅದು ಜೋಲುವುದನ್ನು ಅಷ್ಟಾಗಿ ತಡೆಯಲಾರದು. ಅದನ್ನೂ ತಡೆಯಬೇಕಾದರೆ ಅನೇಕ ಪದರ ಬೇಕು. ಪದರ ಹೆಚ್ಚಿದಂತೆ ರಾಳವೂ ಹೆಚ್ಚುತ್ತದೆ. ನಾರು ಅಗ್ಗವಾದರೂ ರಾಳ ಅಗ್ಗವಲ್ಲ. ಸಸ್ಯನಾರಿನ ಬಟ್ಟೆ ತನ್ನ ತೂಕದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ರಾಳವನ್ನು ಕುಡಿಯುತ್ತದೆ. ಅಗ್ಗದ ದುರಸ್ತಿ ಎಂದು ಹೇಳುವವರು ಈ ಲೆಕ್ಕವನ್ನು ಮರೆಯುವುದುಂಟು.

ಕಾರ್ಬನ್ನಿಗೂ ಒಂದು ಮಿತಿ ಇದೆ. ಕಾರ್ಬನ್ ಪಟ್ಟಿ ತನ್ನ ಪೂರ್ಣ ಶಕ್ತಿಯನ್ನು ತೋರಿಸುವ ಮೊದಲೇ ಕಾಂಕ್ರೀಟಿನ ಮೇಲ್ಪದರವನ್ನು ಕಿತ್ತುಕೊಂಡು ಬಿಟ್ಟುಬರುವುದು ಸಾಮಾನ್ಯ. ಹಳೆಯ, ಬಡ ಕಾಂಕ್ರೀಟಿನ ಮೇಲಂತೂ ಇದು ಬೇಗ ಆಗುತ್ತದೆ. ಎಂದರೆ ದುಬಾರಿ ಎಳೆಯ ಶಕ್ತಿಯ ದೊಡ್ಡ ಪಾಲು ಉಪಯೋಗಕ್ಕೇ ಬಾರದೆ ಉಳಿಯುತ್ತದೆ. ಹೀಗಾಗಿ ಕೊಟ್ಟಿಗೆ, ಗೋದಾಮು, ರೇಷ್ಮೆ ಸಾಕಣೆ ಮನೆ, ಪಂಪ್‌ಸೆಟ್ ಮನೆ ಇಂಥ ಸಣ್ಣ ಕಟ್ಟಡಗಳ ತೊಲೆ ಮತ್ತು ಬಾಗಿಲ ಮೇಲಿನ ಅಡ್ಡಪಟ್ಟಿಗಳಿಗೆ ಸಸ್ಯನಾರು ತಕ್ಕ ವಸ್ತುವಾಗಬಹುದೆಂದು ನನ್ನ ಎಣಿಕೆ. ಮಹಡಿ ಮನೆಯ ತೊಲೆಗೆ ಇದನ್ನು ನಾನು ಹೇಳುವುದಿಲ್ಲ. ಈ ಕೆಲಸಕ್ಕೆ ಜಗತ್ತಿನಲ್ಲೆಲ್ಲ ಆಧಾರವಾಗಿರುವ ಅಮೆರಿಕದ ಕಾಂಕ್ರೀಟ್ ಸಂಸ್ಥೆಯ 440.2 ಎಂಬ ಮಾರ್ಗದರ್ಶಿ ಕೂಡ ಕಾರ್ಬನ್, ಗಾಜು ಮತ್ತು ಅರಾಮಿಡ್ ಎಳೆಗಳನ್ನೇ ಕುರಿತದ್ದು, ಸಸ್ಯನಾರಿಗಾಗಿ ಬರೆದದ್ದಲ್ಲ.

ತುಕ್ಕಿನ ಮೇಲೆ ಬಟ್ಟೆ ಸುತ್ತಬಾರದು

ನಮ್ಮ ಹಳ್ಳಿಯ ಕಟ್ಟಡಗಳಲ್ಲಿ ತೊಲೆ ಕೆಡುವುದಕ್ಕೆ ಮುಖ್ಯ ಕಾರಣ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡರಷ್ಟಕ್ಕಿಂತಲೂ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಸರಳಿನ ಉದ್ದಕ್ಕೂ ಬಿರುಕು ಕಾಣಿಸಿಕೊಂಡು, ಕಂದು ಕಲೆ ಇಳಿದು, ಕೊನೆಗೆ ಹಕ್ಕಳೆ ಉದುರುತ್ತದೆ. ಅದರ ಮೇಲೆ ನಾರಿನ ಬಟ್ಟೆ ಸುತ್ತಿದರೆ ತುಕ್ಕು ನಿಲ್ಲುವುದಿಲ್ಲ. ಬಿರುಕು ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ. ಒಳಗೆ ಊದುತ್ತಿರುವ ತುಕ್ಕು ಒಂದು ದಿನ ಬಟ್ಟೆಯನ್ನೂ ಕಾಂಕ್ರೀಟನ್ನೂ ಒಟ್ಟಿಗೆ ಕಳಚಿ ಹಾಕುತ್ತದೆ. ಕೀವು ತೆಗೆಯದೆ ಗಾಯಕ್ಕೆ ಪಟ್ಟಿ ಕಟ್ಟಿದರೆ ಆಗುವುದೇ ಇಲ್ಲೂ ಆಗುವುದು. ಸಡಿಲ ಕಾಂಕ್ರೀಟನ್ನು ಕೆತ್ತಿ, ಸರಳನ್ನು ತಿಕ್ಕಿ, ಸವೆದಿದ್ದರೆ ಹೊಸ ಸರಳನ್ನು ಜೋಡಿಸಿ, ಗಟ್ಟಿ ಗಾರೆಯಿಂದ ತುಂಬಿ, ಪೂರ್ತಿ ಒಣಗಿದ ಮೇಲೆಯೇ ಅಂಟಿಸುವ ಮಾತು.

ತುಕ್ಕಿನ ಮೂಲದ ಬಗ್ಗೆ ಬೇಸಾಯಶಾಸ್ತ್ರದವನು ಹೇಳಬೇಕಾದ ಒಂದು ಮಾತಿದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿ ನೂರಕ್ಕೆ ಸುಮಾರು 45 ಭಾಗ ಕ್ಲೋರೈಡ್ ಇರುತ್ತದೆ. ಕಾಂಕ್ರೀಟಿನೊಳಗೆ ಕಬ್ಬಿಣವನ್ನು ಕಾಪಾಡುವ ತೆಳುಪೊರೆಯನ್ನು ಒಡೆಯುವುದರಲ್ಲಿ ಕ್ಲೋರೈಡಿಗೆ ಸಮನಾದುದಿಲ್ಲ. ಅಮೋನಿಯಂ ಸಲ್ಫೇಟು ಕಾಂಕ್ರೀಟನ್ನೇ ತಿನ್ನುತ್ತದೆ. ಈ ಚೀಲಗಳನ್ನು ಗೋಡೆ ಕಂಬಗಳಿಗೆ ಒತ್ತಿ ಒಟ್ಟಿ, ಮಳೆಗಾಲದಲ್ಲಿ ಅವು ಬೆವತು ನೀರಾಗಿ ನೆಲಕ್ಕಿಳಿಯುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಚೀಲ ಒಟ್ಟುವುದಕ್ಕೆ ಖರ್ಚೇನೂ ಇಲ್ಲ. ತಾರಸಿಯ ಮೇಲೆ ನೀರು ನಿಲ್ಲುವುದು, ಕೊಟ್ಟಿಗೆಯಲ್ಲಿ ಗಂಜಲ ಕಂಬದ ಬುಡಕ್ಕೆ ಇಂಗುವುದು ಇವೂ ಇದೇ ಗುಂಪಿಗೆ ಸೇರುತ್ತವೆ.

ಇನ್ನು ಬಿರುಕುಗಳಲ್ಲಿ ಭೇದವಿದೆ. ತೊಲೆಯ ನಡುವೆ ಕೆಳಗಿನಿಂದ ನೆಟ್ಟಗೆ ಏಳುವ ಕೂದಲೆಳೆಯಂಥ ಬಿರುಕು ಹೆಚ್ಚಾಗಿ ಬಾಗಿನದು, ಕೂಡಲೇ ಗಾಬರಿಪಡಬೇಕಿಲ್ಲ. ಗೋಡೆ ಅಥವಾ ಕಂಬದ ಹತ್ತಿರ ಓರೆಯಾಗಿ ಮೇಲೇರುವ ಬಿರುಕು ಅಪಾಯದ್ದು. ಅಂಥ ತೊಲೆ ಹೆಚ್ಚು ಮುನ್ಸೂಚನೆ ಕೊಡದೆ ಬೀಳಬಹುದು. ಅದನ್ನು ಕಂಡ ದಿನವೇ ದನಗಳನ್ನು ಹೊರಗೆ ಕಟ್ಟಿ, ತೊಲೆಗೆ ಆಸರೆ ಕಂಬ ಕೊಟ್ಟು, ಇಂಜಿನಿಯರರಿಗೆ ತೋರಿಸಬೇಕು.

ಕೊಳೆಹಾಕುವ ಹೊಂಡದಲ್ಲಿ ನಾರಿನ ಹಣೆಬರಹ

ಇನ್ನು ನಮ್ಮ ಪಾಲಿನ ಕೆಲಸ. ಇಂಜಿನಿಯರರು ನಾರನ್ನು ಕೈಗೆತ್ತಿಕೊಂಡ ಕೂಡಲೇ ಹೇಳುವ ದೂರು ಒಂದೇ: ಒಂದು ಕಟ್ಟಿನ ನಾರಿನಂತೆ ಇನ್ನೊಂದಿಲ್ಲ, ಒಂದೇ ಎಳೆಯ ಬುಡದಂತೆ ತುದಿಯಿಲ್ಲ. ಈ ದೂರು ಸರಿಯಾದದ್ದೇ. ತೊಲೆಯನ್ನು ಲೆಕ್ಕ ಹಾಕುವವರು ನಾರಿನ ಸರಾಸರಿ ಶಕ್ತಿಯನ್ನು ನಂಬಿ ಕೂಡುವುದಿಲ್ಲ; ಅತಿ ದುರ್ಬಲ ಎಳೆಯನ್ನು ನೋಡುತ್ತಾರೆ. ಬಾವಿಯ ಹಗ್ಗ ಹರಿಯುವುದು ಸವೆದ ಜಾಗದಲ್ಲೇ ಅಲ್ಲವೇ? ನೂರರಲ್ಲಿ ಎಂಬತ್ತು ಎಳೆ ಗಟ್ಟಿಯಾಗಿದ್ದು ಇಪ್ಪತ್ತು ಸತ್ತಿದ್ದರೆ ಆ ಇಡೀ ಕಟ್ಟಿಗೆ ಸತ್ತ ಎಳೆಯ ಬೆಲೆಯೇ.

ನಾರಿನ ಗುಣ ಬಿತ್ತನೆಯಲ್ಲೇ ಆರಂಭವಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಪುಂಡಿಯನ್ನು ಜೋಳದ ಅಥವಾ ತೊಗರಿಯ ಹೊಲದ ಅಂಚಿಗೆ ಚೆಲ್ಲಿ, ಸೊಪ್ಪನ್ನು ಪಲ್ಯಕ್ಕೆ ಚಿವುಟುತ್ತ, ಉಳಿದ ಕಡ್ಡಿಯಿಂದ ಹಗ್ಗಕ್ಕೆ ನಾರು ತೆಗೆಯುವುದು ರೂಢಿ. ರೊಟ್ಟಿಯೊಡನೆ ಪುಂಡಿಪಲ್ಯ ಬೇಡವೆನ್ನುವವನು ನಾನಲ್ಲ. ಆದರೆ ಕುಡಿ ಚಿವುಟಿದ ಗಿಡ ಕವಲೊಡೆಯುತ್ತದೆ. ಕವಲೊಡೆದ ಗಿಡದ ನಾರು ಗಂಟುಗಂಟಾಗಿ ತುಂಡಾಗುತ್ತದೆ. ನಾರಿಗೆಂದು ಬೆಳೆಯುವುದಾದರೆ ಅದಕ್ಕೆ ಬೇರೆ ಪಟ್ಟಿಯನ್ನೇ ಇಡಬೇಕು. ಸಾಲಿನಿಂದ ಸಾಲಿಗೆ ಸುಮಾರು 30 ಸೆಂಟಿಮೀಟರು ಅಂತರದಲ್ಲಿ ಒತ್ತಾಗಿ ಬಿತ್ತಿದರೆ ಗಿಡ ಕವಲಿಲ್ಲದೆ ನೆಟ್ಟಗೆ ಏಳುತ್ತದೆ. ಅರ್ಧದಷ್ಟು ಗಿಡಗಳು ಹೂ ಬಿಟ್ಟಾಗ ಕೊಯ್ಯಬೇಕು. ಕಾಯಿ ಬಲಿಯುವವರೆಗೆ ಬಿಟ್ಟರೆ ನಾರಿನ ತೂಕ ಸ್ವಲ್ಪ ಹೆಚ್ಚುವುದು ನಿಜ, ಆದರೆ ಅದು ಒರಟಾಗಿ, ಬುಡದ ಕಡೆ ತೊಗಟೆ ಬಿಡದೆ ಉಳಿಯುತ್ತದೆ.

ಆಮೇಲೆ ಕೊಳೆಹಾಕುವ ಕೆಲಸ. ಇಲ್ಲಿ ನಡೆಯುವುದು ನೀರಿನಲ್ಲಿರುವ ಸೂಕ್ಷ್ಮಜೀವಿಗಳ ಕೆಲಸ. ನಾರನ್ನು ಕಡ್ಡಿಗೂ ಒಂದಕ್ಕೊಂದಕ್ಕೂ ಅಂಟಿಸಿರುವ ಪೆಕ್ಟಿನ್ ಎಂಬ ಗೋಂದನ್ನು ಅವು ತಿಂದು ಮುಗಿಸುತ್ತವೆ. ಬೇಗ ತೆಗೆದರೆ ಗೋಂದು ಉಳಿದು ರಾಳ ಎಳೆಗಳ ನಡುವೆ ಇಳಿಯುವುದಿಲ್ಲ. ತಡವಾಗಿ ತೆಗೆದರೆ ಅವೇ ಜೀವಿಗಳು ನಾರಿನ ಜೀವಾಳವಾದ ಸೆಲ್ಯುಲೋಸಿಗೇ ಕೈಹಾಕುತ್ತವೆ. ನಾರು ನೋಡಲು ಬೆಳ್ಳಗೆ ನಯವಾಗಿದ್ದರೂ ಎಳೆದರೆ ಹರಿಯುತ್ತದೆ. ಹದ ತಪ್ಪಿಸುವುದಕ್ಕೆ ಎರಡು ಮೂರು ದಿನ ಸಾಕು. ಕೆಲವು ದಿನ ಕಳೆದ ಮೇಲೆ ನಿತ್ಯವೂ ಕಟ್ಟಿನ ನಡುವಿನಿಂದ ಎರಡು ಕಡ್ಡಿ ಎಳೆದು, ಬುಡದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ನಾರು ಜಾರಿ ಬರುತ್ತದೆಯೇ ಎಂದು ನೋಡುವುದೊಂದೇ ದಾರಿ. ಕಡ್ಡಿಯ ತೂಕದ 20ರಷ್ಟು ನೀರಿರಬೇಕು. ಕಟ್ಟು ಮುಳುಗಲು ಕಲ್ಲು ಹೇರಬೇಕೇ ಹೊರತು ಕೆಸರನ್ನೂ ಬಾಳೆದಿಂಡನ್ನೂ ಹೇರಬಾರದು. ಅವುಗಳಿಂದ ನಾರು ಕಪ್ಪಾಗುತ್ತದೆ. ಪಶ್ಚಿಮ ಬಂಗಾಳದ ಬ್ಯಾರಕ್‌ಪುರದಲ್ಲಿರುವ ಸೆಣಬು ಮತ್ತು ಸಂಬಂಧಿತ ನಾರುಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯವರು 'ಕ್ರಿಜಾಫ್ ಸೋನಾ' ಎಂಬ ಸೂಕ್ಷ್ಮಜೀವಿ ಪುಡಿಯನ್ನು ತಯಾರಿಸಿದ್ದಾರೆ. ಗೋಣಿಸೆಣಬು ಕೊಳೆಯಲು ಹಿಡಿಯುವ 18ರಿಂದ 21 ದಿನಗಳನ್ನು ಇದು 12ರಿಂದ 15ಕ್ಕೆ ಇಳಿಸುತ್ತದೆ. ನಾರಿನ ಬಣ್ಣವೂ ಸುಧಾರಿಸುತ್ತದೆ.

ಬಂಗಾಳದಲ್ಲಿ ನೀರಿದೆ, ನಮ್ಮಲ್ಲಿಲ್ಲ ಎಂದು ನೀವು ಹೇಳುವಿರಿ. ಅದು ನಿಜವಾದ ತೊಡಕು. ಊರ ಕೆರೆಯಲ್ಲಿ ಕೊಳೆಹಾಕಬಾರದು. ನೀರಿನ ಪ್ರಾಣವಾಯು ಮುಗಿದು ಮೀನು ಸಾಯುತ್ತವೆ, ದನ ಆ ನೀರನ್ನು ಮೂಸುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ಸಣ್ಣ ಹೊಂಡ ತೋಡಿ, ಹಸಿಕಡ್ಡಿಯಿಂದ ತೊಗಟೆಯನ್ನು ಮೊದಲೇ ಸುಲಿದು, ತೊಗಟೆಯನ್ನಷ್ಟೇ ನೆನೆಹಾಕಿದರೆ ಬಹಳ ಕಡಿಮೆ ನೀರು ಸಾಕು. ಹೊಂಡದ ನೀರನ್ನು ಕೊನೆಗೆ ಹೊಲಕ್ಕೆ ಬಿಡಬಹುದು.

ಒಣಭೂಮಿಗೆ ನನ್ನ ಒಲವು ಕತ್ತಾಳೆಯ ಕಡೆಗಿದೆ. ಅದಕ್ಕೆ ಕೊಳೆಹಾಕುವ ಕೆಲಸವಿಲ್ಲ. ಎಲೆ ಕೊಯ್ದು, ಒಣಗಲು ಬಿಡದೆ ಬೇಗನೆ ನಾರು ಬಿಡಿಸುವ ಯಂತ್ರಕ್ಕೆ ಕೊಟ್ಟು, ತಕ್ಷಣ ತೊಳೆದು ಬಿಸಿಲಿಗೆ ಹರವಿದರೆ ಬೆಳ್ಳನೆಯ ಉದ್ದ ನಾರು ಸಿಗುತ್ತದೆ. ತೊಳೆಯುವುದು ತಡವಾದರೆ ಎಲೆಯ ರಸ ನಾರಿನ ಮೇಲೆ ಒಣಗಿ ಕಂದಾಗುತ್ತದೆ. ರಸ ಮೈಗೆ ತಾಗಿದರೆ ತುರಿಕೆಯಾಗುವುದರಿಂದ ಕೈಚೀಲ ಹಾಕಿಕೊಳ್ಳಬೇಕು. ಎಲೆಯ ತೂಕದಲ್ಲಿ ಶೇಕಡಾ 3ರಿಂದ 4ರಷ್ಟು ಮಾತ್ರ ನಾರು. ಒಂದು ಟನ್ ಎಲೆ ಸಾಗಿಸಿದರೆ 30ರಿಂದ 40 ಕಿಲೋ ನಾರು ಬರುತ್ತದೆ. ಆದುದರಿಂದ ಯಂತ್ರ ಹೊಲದ ಬಳಿಗೇ ಬರಬೇಕು. ಮೂರನೆಯ ವರ್ಷದಿಂದ ಕೊಯ್ಲು ದೊರೆಯುತ್ತದೆಂಬುದನ್ನೂ ಲೆಕ್ಕದಲ್ಲಿಡಬೇಕು.

ತೆಂಗಿನ ತೋಟದವರಿಗೆ ಇಲ್ಲಿ ನಾನು ಹೆಚ್ಚು ಆಸೆ ಹುಟ್ಟಿಸಲಾರೆ. ತೆಂಗಿನ ನಾರು ಬೇಗ ಕೊಳೆಯದು, ಅದು ದೊಡ್ಡ ಗುಣ. ಆದರೆ ತನ್ನ ಉದ್ದದ ಶೇಕಡಾ 15ರಿಂದ 40ರವರೆಗೂ ಅದು ಹಿಗ್ಗುತ್ತದೆ, ಶಕ್ತಿಯೂ ಕಡಿಮೆ. ತೊಲೆಯ ಪಟ್ಟಿಗೆ ಅದು ಹೊಂದುವುದಿಲ್ಲ. ಮಣ್ಣಿನ ಗಿಲಾವು, ಪ್ಲಾಸ್ಟರ್ ಆಫ್ ಪ್ಯಾರಿಸ್ ಹಲಗೆ ಇಂಥವುಗಳಲ್ಲಿ ಬಿರುಕು ತಡೆಯುವುದೇ ಅದಕ್ಕೆ ಒಪ್ಪುವ ಕೆಲಸ. ಸಿಮೆಂಟ್ ಗಾರೆಯೊಳಗೆ ಯಾವ ಸಸ್ಯನಾರನ್ನು ಬರಿದಾಗಿ ಬೆರೆಸಿದರೂ ಸಿಮೆಂಟಿನ ಕ್ಷಾರ ಅದನ್ನು ವರ್ಷಗಳಲ್ಲಿ ತಿಂದುಹಾಕುತ್ತದೆ. ಹೊಸ ಗಾರೆ ಒಣಗುವಾಗಿನ ಬಿರುಕಿಗಷ್ಟೇ ಅದರಿಂದ ಪ್ರಯೋಜನ.

ತಕ್ಕಡಿಯ ಮಾತು

ಇಷ್ಟೆಲ್ಲ ಎಚ್ಚರ ವಹಿಸಿದ ರೈತನಿಗೆ ಪೇಟೆಯಲ್ಲಿ ಏನು ಸಿಗುತ್ತದೆ? ಒಳ್ಳೆಯ ಕತ್ತಾಳೆ ನಾರಿಗೂ ಕೆಟ್ಟದ್ದಕ್ಕೂ ಹೆಚ್ಚುಕಡಿಮೆ ಒಂದೇ ದರ. ಕೊಳ್ಳುವವನು ನೋಡುವುದು ತೂಕ. ಒಣ ನಾರು ತಂದವನು ನಷ್ಟಪಡುತ್ತಾನೆ, ನೀರು ಚಿಮುಕಿಸಿ ತಂದವನು ಗೆಲ್ಲುತ್ತಾನೆ. ತೇವದ ನಾರು ಎಪಾಕ್ಸಿ ರಾಳದೊಡನೆ ಹಿಡಿಯುವುದಿಲ್ಲ. ತೊಲೆಯ ಕೆಲಸಕ್ಕೆ ಅದು ಕಸವೇ ಸರಿ. ರೈತ ಮೋಸಗಾರನೆಂದು ದೂರುವ ವರ್ತಕನು ತನ್ನ ತಕ್ಕಡಿಯೇ ಈ ಮೋಸವನ್ನು ಕಲಿಸಿತೆಂಬುದನ್ನು ಮರೆಯುತ್ತಾನೆ.

ಗೋಣಿಸೆಣಬಿನಲ್ಲಿ ಈ ವ್ಯವಸ್ಥೆ ಬಹಳ ಹಿಂದೆಯೇ ಬಂದಿದೆ. ಶಕ್ತಿ, ದೋಷ, ಬುಡದ ಒರಟು ಭಾಗ, ಬಣ್ಣ, ನಯ, ಸಾಂದ್ರತೆ ಇವುಗಳನ್ನು ನೋಡಿ ದರ್ಜೆ ಕೊಡುವ ಭಾರತೀಯ ಮಾನಕವಿದೆ. ಮೊದಲು ಎಂಟು ದರ್ಜೆಗಳಿದ್ದು, 2020ರ ಪರಿಷ್ಕರಣೆಯಲ್ಲಿ ಅವನ್ನು ಐದಕ್ಕೆ ಇಳಿಸಲಾಯಿತು. ದರ್ಜೆಯ ಮೇಲೆ ಬೆಂಬಲ ಬೆಲೆಯನ್ನೂ ಸರ್ಕಾರ ಸಾರುತ್ತದೆ. ಕತ್ತಾಳೆ, ಬಾಳೆ ನಾರುಗಳಿಗೆ ಅಂಥ ಬೆಂಬಲ ಬೆಲೆ ಇಲ್ಲ. ಆದುದರಿಂದ ನಾರಿನ ತೊಲೆಪಟ್ಟಿ ಎಂಬ ಹೆಸರು ಕೇಳಿ ಒಂದು ಎಕರೆಯನ್ನೂ ಹೆಚ್ಚಾಗಿ ಹಾಕಬೇಡಿರಿ. ದರ್ಜೆ ಮತ್ತು ತೇವಾಂಶವನ್ನು ನಮೂದಿಸಿ, ಬರಹದಲ್ಲಿ ದರ ಒಪ್ಪುವ ಕೊಳ್ಳುಗ ಸಿಕ್ಕಿದಾಗ ಹಾಕಿರಿ. ಬದುವಿನ ಮೇಲೆ ಈಗಾಗಲೇ ಇರುವ ಕತ್ತಾಳೆ ಬೇರೆ ಮಾತು. ಅದು ದನ ತಡೆಯುವ ಬೇಲಿಯಾಗಿ ತನ್ನ ಕೂಲಿಯನ್ನು ಆಗಲೇ ಕೊಟ್ಟಿದೆ.

ಇದರಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಹೊಣೆಯೂ ಇದೆ. ಕೃಷಿ ಇಂಜಿನಿಯರಿಂಗ್ ಕಾಲೇಜು ರಾಯಚೂರಿನಲ್ಲೇ ಇದೆ. ಪುಂಡಿ ಬೆಳೆಯುವ ಸೀಮೆಯೂ ಅದರ ಸುತ್ತಲೇ. ನಾರಿನ ಎಳೆಯನ್ನು ಎಳೆದು ನೋಡುವ ಯಂತ್ರವೂ ಕೊಳೆಹಾಕುವ ಹೊಂಡವೂ ಒಂದೇ ಆವರಣದಲ್ಲಿದ್ದು, ಯಾವ ದಿನ ತೆಗೆದ ನಾರು ಎಷ್ಟು ಹೊತ್ತಿತೆಂಬ ಪಟ್ಟಿ ರೈತನ ಕೈಗೆ ಸಿಗುವಂತಾಗಬೇಕು. ಪ್ರಯೋಗಾಲಯದ ತೊಲೆಗಳನ್ನು ಹೆಚ್ಚಾಗಿ ಕೆಲವು ವಾರಗಳಲ್ಲಿ ಮುರಿದು ನೋಡುತ್ತಾರೆ. ನಮ್ಮ ಕೊಟ್ಟಿಗೆಯ ತೊಲೆಯಾದರೋ ಗಂಜಲದ ಹಬೆ, ಮಳೆ, ಏಪ್ರಿಲ್ ಬಿಸಿಲು ಇವನ್ನೆಲ್ಲ ಇಪ್ಪತ್ತು ವರ್ಷ ತಾಳಬೇಕು. ವಿಶ್ವವಿದ್ಯಾಲಯಗಳ ಹಳೆಯ ಕೊಟ್ಟಿಗೆಗಳ ತೊಲೆಗಳ ಮೇಲೆಯೇ ಮೊದಲು ಈ ಪಟ್ಟಿಗಳನ್ನು ಅಂಟಿಸಿ, ವರ್ಷವರ್ಷವೂ ಅಳೆದು, ಫಲಿತಾಂಶ ಚೆನ್ನಾಗಿದ್ದರೂ ಕೆಟ್ಟದ್ದಾಗಿದ್ದರೂ ಇದೇ ಪತ್ರಿಕೆಯಲ್ಲಿ ಪ್ರಕಟಿಸುವುದು ಸರಿಯಾದ ಕ್ರಮ.

ಅಲ್ಲಿಯವರೆಗೆ ಆಸಕ್ತ ರೈತರು ಒಂದು ಸಣ್ಣ ಕೆಲಸ ಮಾಡಬಹುದು. ಈ ಸಲ ಪುಂಡಿ ಅಥವಾ ಅಪ್ಸೆಣಬು ಕೊಳೆಹಾಕುವಾಗ ಎಲ್ಲವನ್ನೂ ಒಂದೇ ದಿನ ಎತ್ತದೆ, ಎರಡೆರಡು ದಿನಗಳ ಅಂತರದಲ್ಲಿ ನಾಲ್ಕು ಕಂತಾಗಿ ಎತ್ತಿರಿ. ಪ್ರತಿ ಕಂತಿನ ನಾರನ್ನೂ ನೆಲಕ್ಕೆ ತಾಗಿಸದೆ ಬಿದಿರಿನ ಗಳದ ಮೇಲೆ ಒಣಗಿಸಿ, ಬೇರೆಬೇರೆ ಕಟ್ಟಿ, ದಿನಾಂಕ ಬರೆದ ಚೀಟಿ ಸಿಕ್ಕಿಸಿರಿ. ಪ್ರತಿಯೊಂದರಿಂದಲೂ ಸಮದಪ್ಪದ ಹುರಿ ಹೊಸೆದು, ತೊಟ್ಟಿಲ ಕೊಂಡಿಗೆ ಕಟ್ಟಿ, ಕೆಳಗೊಂದು ಬಕೀಟು ತೂಗಹಾಕಿ, ಹುರಿ ಹರಿಯುವವರೆಗೆ ಮರಳು ತುಂಬಿ ತೂಗಿ ನೋಡಿರಿ. ನಿಮ್ಮ ನೀರಿಗೆ, ನಿಮ್ಮ ಹವೆಗೆ ಎಷ್ಟನೆಯ ದಿನ ಹದವೆಂಬುದು ಅದರಿಂದ ತಿಳಿಯುತ್ತದೆ. ಆ ಲೆಕ್ಕವನ್ನೂ ಒಂದೊಂದು ಹಿಡಿ ನಾರನ್ನೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿರಿ.